ಲಸಿಕೆ ಹಾಕಿಸಿದ ಮೇಲೆ ಮಾರಿ (ಮುಖ) ಬಾತರೆ

ಪ್ರಶ್ನೆ: ನಮ್ಮ ಪಾಮೇರಿಯನ್ ಮರಿಗೆ 13 ವಾರ, ತೂಕ ಮೂರೂವರೆ ಕಿಲೊ. ಸಂಜೆ ಸಂಯುಕ್ತ ಲಸಿಕೆ (ಹಲವು ರೋಗಗಳಿಗೆ ಒಂದೇ ಸೂಜಿ), ರೇಬಿಸ್ ಲಸಿಕೆ ಎರಡನ್ನೂ ಹಾಕಿಸಿಕೊಂಡು ಬಂದೆವು. ಮುಕ್ಕಾಲು ತಾಸಿನಲ್ಲಿ ಕಣ್ರೆಪ್ಪೆ, ಮೂತಿ ಬಾತು, ನೆಲಕ್ಕೆ ಮಾರಿ ತಿಕ್ಕತೊಡಗಿತು. ವೈದ್ಯರು ಸೂಜಿ ಮಾಡಿದ ಮೇಲೆ ಇಳಿಯಿತು. ಇನ್ನೊಂದು ಡೋಸ್ ಬಾಕಿ ಇದೆ. ಬಿಟ್ಟುಬಿಡೋಣವೇ, ಅರ್ಧ ಹಾಕಿಸೋಣವೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಲಸಿಕೆಯ ಡೋಸ್ ತೂಕದ ಲೆಕ್ಕದ್ದಲ್ಲ. ಅರ್ಧ ಹಾಕಿಸಿದರೆ ರಕ್ಷಣೆ ಖಾತ್ರಿಯಿಲ್ಲ, ಅಲರ್ಜಿಯೂ ತಪ್ಪುತ್ತದೆಂದಿಲ್ಲ. ಇನ್ನು ಬಿಡುವ ಮಾತು: ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಡೋಸ್‌ಗಳನ್ನು ನಿಷ್ಫಲಗೊಳಿಸಬಹುದು. ಅದಕ್ಕೇ 16 ವಾರ ತುಂಬಿದ ಮೇಲಿನ ಡೋಸ್ ಮುಖ್ಯ. ಅದು ತಪ್ಪಿದ ಮರಿಗೆ ಪಾರ್ವೊ ಎಂಬ ಮಾರಕ ವೈರಸ್ ರೋಗ ಹತ್ತಿದರೆ ಮಾರಿ ಬಾತದ್ದು ಏನೂ ಅಲ್ಲ ಅನ್ನಿಸುತ್ತದೆ.

ಎರಡನ್ನೂ ಒಂದೇ ದಿನ ಹಾಕಿಸಿದ್ದರಿಂದ ಯಾವುದು ಒಗ್ಗಲಿಲ್ಲವೆಂದು ಈಗ ಹೇಳಲಾಗದು. ಹತ್ತು ಕಿಲೊದೊಳಗಿನ ನಾಯಿಗಳಲ್ಲಿ ಒಂದೇ ಸಲಕ್ಕೆ ಹಾಕುವ ಲಸಿಕೆಗಳು ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚು. ಮುಂದೆ ಒಂದು ಭೇಟಿಗೆ ಒಂದೇ ಲಸಿಕೆ, ನಡುವೆ ಮೂರು ವಾರ ಅಂತರ. ಲಸಿಕೆ ಕಾರ್ಡಿಗೆ ಅಂಟಿಸಿದ ಚೀಟಿಯಲ್ಲಿ ಕಂಪನಿ ಹೆಸರು, ಬ್ಯಾಚ್ ಸಂಖ್ಯೆ ಇರುತ್ತವೆ. ಅದರ ಪಕ್ಕದಲ್ಲೇ ‘ಮಾರಿ ಬಾವು, 45 ನಿಮಿಷ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಬೇರೆ ವೈದ್ಯರಿದ್ದರೂ ಕಣ್ಣಿಗೆ ಬೀಳಬೇಕು.

ಸಂಜೆ ಹೋಗಬೇಡಿ. ವಾರದ ನಡುವೆ, ಬೆಳಗ್ಗೆ ದವಾಖಾನೆ ತೆರೆಯುತ್ತಲೇ ಹೋಗಿ, ರಾತ್ರಿ ಏನಾದರೂ ಆದರೆ ಓಡುವುದೆಲ್ಲಿಗೆ? ಲಸಿಕೆಗೆ ಅರ್ಧ ತಾಸು ಮೊದಲು ಅಲರ್ಜಿ ನಿರೋಧಕ ಔಷಧ ಕೊಡಬೇಕೇ ಎಂದು ವೈದ್ಯರನ್ನು ಕೇಳಿ. ಹಾಕಿಸಿದ ಮೇಲೆ ಒಂದು ತಾಸು ಅಲ್ಲೇ ಕೂಡ್ರಿ. ಜೀವಕ್ಕೆ ಕುತ್ತು ತರುವಂಥದ್ದು ಸಾಮಾನ್ಯವಾಗಿ ಈ ಅವಧಿಯಲ್ಲೇ ಕಾಣಿಸುತ್ತದೆ: ವಾಂತಿ, ಭೇದಿ, ಕಾಲು ಸೋತು ಬೀಳುವುದು. ಮೇಲಿನ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಆಗದಿದ್ದರೆ, ಇಲ್ಲವೇ ಒಸಡು ಮೊದಲೇ ಬಿಳಿಚಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ.

ಆಗ ಬೇಕಾದದ್ದು ಅಡ್ರಿನಲಿನ್. ಅಲರ್ಜಿಗೆ ಕೊಡುವ ಅವಿಲ್ ಒಂದೇ ಸಾಲದು, ಕುಸಿದ ರಕ್ತದೊತ್ತಡವನ್ನು ಅದು ಎತ್ತುವುದಿಲ್ಲ. ಒಂದು ಮಿಲಿಯಲ್ಲಿ ಒಂದು ಮಿಲಿಗ್ರಾಂ ಇರುವ ಅಡ್ರಿನಲಿನ್ ಕಿಲೊ ತೂಕಕ್ಕೆ 0.01 ಮಿಲಿಯಂತೆ ತೊಡೆಯ ಸ್ನಾಯುವಿಗೆ. ನಿಮ್ಮ ಮರಿಗೆ 0.035 ಮಿಲಿ, ಅಂದರೆ ಒಂದು ಹನಿಗಿಂತಲೂ ಕಡಿಮೆ. 100 ಯೂನಿಟ್‌ನ ಕೇಸರಿ ಮುಚ್ಚಳದ ಇನ್ಸುಲಿನ್ ಸಿರಿಂಜ್‌ನಲ್ಲಿ ಮೂರೂವರೆ ಯೂನಿಟ್. ಅದೇ ಮೂರೂವರೆಯನ್ನು 40 ಯೂನಿಟ್‌ನ ಕೆಂಪು ಮುಚ್ಚಳದ್ದರಲ್ಲಿ ಅಳೆದರೆ ಎರಡೂವರೆ ಪಟ್ಟು ಹೋಗಿಬಿಡುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ ಅನ್ನುವುದು ಇದಕ್ಕೇ.

ಸೂಜಿಯ ಪ್ರಭಾವ ಇಳಿದಂತೆ ರಾತ್ರಿ ಬಾವು ಮತ್ತೆ ಏಳಬಹುದು, ಮರಿಯನ್ನು ನಿಮ್ಮ ಕೋಣೆಯಲ್ಲೇ ಮಲಗಿಸಿ. ಒಂದೆರಡು ದಿನ ಮಂಕಾಗಿ ಮಲಗುವುದು, ಊಟ ಅರ್ಧ ಬಿಡುವುದು ಅಲರ್ಜಿಯಲ್ಲ. ಆದರೆ ಮರಿ ಮುಂದೆ ಎಂದಾದರೂ ಕುಸಿದು ಬಿದ್ದರೆ, ಯಾವ ಲಸಿಕೆ ಬಿಡಬೇಕೆಂಬುದನ್ನು ವೈದ್ಯರೊಡನೆ ಕೂತು ಹೊಸದಾಗಿ ತೀರ್ಮಾನಿಸಬೇಕು.

ಪ್ರಶ್ನೆ: ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸಿ ಮೂರು ವಾರವಾಯಿತು. ಅಲ್ಲಿ ಕಡಲೆಕಾಳಿನಷ್ಟು ಗಂಟಿದೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದೇ?
– ಸಪ್ತಾಪುರ, ಧಾರವಾಡ

ಉತ್ತರ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಚೂರೂ ಕೊಡಬೇಡಿ. ಗಂಟನ್ನು ವಾರಕ್ಕೊಮ್ಮೆ ಸ್ಕೇಲ್ ಹಿಡಿದು ಅಳೆದು ಬರೆದಿಡಿ. ಲಸಿಕೆ ಹಾಕಿಸಿದ ತಿಂಗಳ ಮೇಲೂ ಬೆಳೆಯುತ್ತಿದ್ದರೆ, ಎರಡು ಸೆಂ.ಮೀ. ದಾಟಿದರೆ ಅಥವಾ ಮೂರು ತಿಂಗಳಾದರೂ ಉಳಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಗಡ್ಡೆಯಾಗಿ ತಿರುಗುತ್ತದೆ.

ಪ್ರಶ್ನೆ: ಕಾಲುಬಾಯಿ ಬೇನೆ ಲಸಿಕೆ ಹಾಕಿಸಿದ ಮೇಲೆ ಎಮ್ಮೆಯ ಹಾಲು ಎರಡು ಲೀಟರ್ ಇಳಿದಿದೆ, ಕುತ್ತಿಗೆಯಲ್ಲಿ ಬಾವು. ಮುಂದಿನ ಸಲ ಬೇಡವೆಂದು ಮನೆಯಲ್ಲಿ ಹೇಳುತ್ತಿದ್ದಾರೆ.
– ಶಿಗ್ಗಾಂವಿ, ಹಾವೇರಿ ಜಿಲ್ಲೆ

ಉತ್ತರ: ಲಸಿಕೆಯಲ್ಲಿ ಎಣ್ಣೆಯಂಶವಿದೆ, ಎರಡು ಮಿಲಿ ಸ್ನಾಯುವಿನೊಳಗೆ ನಿಧಾನ ಕರಗುತ್ತದೆ. ಬಾವು ಅದರದ್ದೇ. ಹಾಲು ಕೆಲವು ದಿನಗಳಲ್ಲಿ ಮೊದಲಿನಂತಾಗುತ್ತದೆ. ಬೇನೆಯೇ ಬಂದರೆ ಆ ಸೂಲಿನ ಹಾಲು ಹಳೆಯ ಅಳತೆಗೆ ಬರುವುದು ಕಷ್ಟ. ಬಾವಿಗೆ ಬರೆ ಹಾಕಬೇಡಿ, ಹಿಚುಕಬೇಡಿ. ಮುಟ್ಟಿದರೆ ಬಿಸಿಯಾಗಿ, ನಡುವೆ ಮೆತ್ತಗಾಗಿದ್ದರೆ ಕೀವು ಕಟ್ಟಿದೆ. ಹಲವು ದನಗಳಿಗೆ ಒಂದೇ ಸೂಜಿ ಬಳಸಿದಾಗ ಹೀಗಾಗುವುದುಂಟು. ಸೂಜಿ ಬದಲಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಕೀವಿಗೆ ಪಶು ಆಸ್ಪತ್ರೆಗೆ ಹೋಗಿ, ಎಮ್ಮೆ ಮೇವು ಪೂರ್ತಿ ಬಿಟ್ಟಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.