ಕೊತ್ತಂಬರಿ ಸೊಪ್ಪು ಸೇರಲ್ಲ ಅನ್ನೋದಕ್ಕೆ ಕಾರಣ ಕೊಡಬೇಕಾ?

ಅತ್ತೆ ಮನೆಯಲ್ಲಿ ಪ್ರತಿ ಊಟಕ್ಕೂ "ಕೊತ್ತಂಬರಿ ಸೊಪ್ಪು ಯಾಕಮ್ಮ ಎತ್ತಿಡ್ತೀಯ" ಅಂತ ಕೇಳುತ್ತಾರೆ, ಏನು ಹೇಳಲಿ ಎಂದು ಕೇಳಿದ್ದೀರಿ. "ನನಗೆ ಸೇರಲ್ಲ ಅತ್ತೆ" ಅಂದರೆ ಸಾಕು. ನಾಲಿಗೆ ನಿಮ್ಮದು, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಆದರೂ ಬಿಡದೆ ಕೇಳಿದರೆ ಹೇಳೋಕೆ ನಿಜವಾದ ಕಾರಣವೇ ಇದೆ. ಆ ಸೊಪ್ಪಿನ ವಾಸನೆ ಬರೋದು ಆಲ್ಡಿಹೈಡ್ ಎಂಬ ಪದಾರ್ಥಗಳಿಂದ, ಅಂಥವೇ ಸೋಪಿನಲ್ಲೂ ಇರುತ್ತವೆ, ಕೆಲವು ಹುಳಗಳು ಬಿಡುವ ನಾತದಲ್ಲೂ ಇರುತ್ತವೆ, ಕೆಲವರ ಮೂಗು ಅದನ್ನೇ ಜಾಸ್ತಿ ಹಿಡಿಯುತ್ತದೆ. ವಾಸನೆ ಗುರುತಿಸುವ ಓಆರ್6ಎ2 ಎಂಬ ಜೀನಿನ ಹತ್ತಿರದ ಒಂದು ವ್ಯತ್ಯಾಸಕ್ಕೂ ಸೊಪ್ಪು ಸೋಪಿನಂತೆ ಅನಿಸೋದಕ್ಕೂ ನಂಟಿದೆ ಎಂದು 2012ರ ಒಂದು ಅಧ್ಯಯನ ತೋರಿಸಿತು. ಎಲ್ಲವೂ ಜೀನಿನಿಂದಲೇ ಅಲ್ಲ, ಚಿಕ್ಕಂದಿನ ಅಭ್ಯಾಸವೂ ಸೇರುತ್ತದೆ. ಆದರೆ ಇದು ಖಂಡಿತ ನಿಮ್ಮ ಕೊಬ್ಬಲ್ಲ.

"ಸಾರಿನ ಪುಡಿಯಲ್ಲಿರೋ ಧನಿಯ ಮಾತ್ರ ತಿಂತೀಯಲ್ಲ" ಅಂತ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಗಿಡ ಒಂದೇ, ನಿಜ. ಆದರೆ ಒಣಗಿದ ಕಾಳಿನ ಘಮಕ್ಕೆ ಮುಖ್ಯ ಕಾರಣ ಲಿನಲೂಲ್ ಎಂಬ ಬೇರೆ ಪದಾರ್ಥ, ಅದರಲ್ಲಿ ಸೊಪ್ಪಿನ ಆ ವಾಸನೆ ಇರಲ್ಲ. ಹಾಗಾಗಿ ಧನಿಯ ಇಷ್ಟಪಟ್ಟು ಸೊಪ್ಪು ಬಿಡೋದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ತಟ್ಟೆಯಲ್ಲಿ ಆರಿಸುತ್ತಾ ಕೂತರೆ ಎಲ್ಲರ ಕಣ್ಣೂ ಅಲ್ಲೇ ಬೀಳುತ್ತದೆ. ಅಡುಗೆ ಮನೆಯಲ್ಲೇ, ಸಾರಿಗೋ ಕೋಸಂಬರಿಗೋ ಸೊಪ್ಪು ಉದುರಿಸುವ ಮುಂಚೆ, ನಿಮ್ಮ ಪಾಲು ಬೇರೆ ತೆಗೆದಿಟ್ಟುಕೊಳ್ಳಿ. ಎಂದಾದರೂ ರುಚಿ ನೋಡೋ ಮನಸ್ಸಾದರೆ ರುಬ್ಬಿದ ಚಟ್ನಿಯಿಂದ ಶುರು ಮಾಡಿ, ಎಲೆ ಜಜ್ಜಿದಾಗ ಆ ವಾಸನೆ ಸ್ವಲ್ಪ ತಗ್ಗುತ್ತದೆ. ಆದರೆ ಅದು ನಿಮಗೆ ಬೇಕೆನಿಸಿದರೆ ಮಾತ್ರ.