ಹುಲಿ, ಸೀಳುನಾಯಿಗಳ ಮಲದ ಡಿಎನ್‌ಎ ನೋಡಿ ಅವು ಏನು ತಿಂದಿವೆ ಅಂತ ಹೇಗೆ ಹೇಳ್ತಾರೆ?

ನೀವು ಕೇಳಿರುವುದು ಎರಡು ವಿಷಯ. ಜೀರ್ಣವಾಗಿ ಹೊರಬಂದದ್ದರಲ್ಲಿ ಡಿಎನ್‌ಎ ಹೇಗೆ ಉಳಿಯುತ್ತದೆ ಅನ್ನುವುದು ಒಂದು. ನಿಮ್ಮ ತೋಟದ ದಾರಿಯಲ್ಲಿ ಕಂಡ, ಕೂದಲು ತುಂಬಿದ ಮಲವನ್ನು ಪರೀಕ್ಷೆ ಮಾಡಿಸಬಹುದಾ ಅನ್ನುವುದು ಇನ್ನೊಂದು. ನಾನು ಎರಡು ಬೇಸಿಗೆ ಕಾಡುದಾರಿಗಳಲ್ಲಿ ಇದನ್ನೇ ಹೆಕ್ಕಿಕೊಂಡು ತಿರುಗಿದವನು, ಆಮೇಲೆ ಲ್ಯಾಬಿನಲ್ಲೂ ಸ್ವಲ್ಪ ದಿನ ಕೂತವನು. (ಅಲ್ಲಿ ಯಾರೂ 'ಮಲ' ಅನ್ನುವುದಿಲ್ಲ. ಜೊತೆಗೆ ಬರುತ್ತಿದ್ದ ವಾಚರ್ ಕೂಡ 'ಸಾರ್, ಇಲ್ಲೊಂದು ಸ್ಕ್ಯಾಟು' ಅಂತಲೇ ಕೂಗುತ್ತಿದ್ದರು.)

ಹಳೆಯ ವಿಧಾನ ಕೂದಲಿನದು. ಕೂದಲು ಜೀರ್ಣವಾಗುವುದಿಲ್ಲ. ಸ್ಕ್ಯಾಟನ್ನು ಜರಡಿಯಲ್ಲಿಟ್ಟು ನಲ್ಲಿ ಕೆಳಗೆ ತೊಳೆದರೆ ಕೂದಲು, ಮೂಳೆ ಚೂರು, ಗೊರಸು ಉಳಿಯುತ್ತವೆ. ಆ ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ಜಿಂಕೆ, ಕಡವೆ, ಕಾಡುಹಂದಿಯ ಕೂದಲಿನ ಜೊತೆ ಹೋಲಿಸಬೇಕು. ಇದನ್ನು ಹಗುರವಾಗಿ ನೋಡಬೇಡಿ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಸ್ಕ್ಯಾಟ್ ಮತ್ತು ಬೇಟೆಯ ಕಳೇಬರ ನೋಡಿಯೇ, ಹುಲಿಯ ಬೇಟೆ ಸರಾಸರಿ 91.5 ಕಿಲೋ, ಸೀಳುನಾಯಿಯದು 43.4, ಚಿರತೆಯದು 37.6 ಅಂತ 1995ರಲ್ಲಿ ಪ್ರಕಟಿಸಿದರು.

ಆದರೆ ಹುಲಿ ಮೊದಲು ಬರೀ ಮಾಂಸ ತಿಂದಿದ್ದರೆ ಸ್ಕ್ಯಾಟ್ ಕಪ್ಪಗೆ, ಟಾರಿನ ಹಾಗೆ ನೀರಾಗಿರುತ್ತದೆ. ಒಂದು ಕೂದಲೂ ಸಿಗದೇ ಹೋಗಬಹುದು. ಅಲ್ಲಿ ಡಿಎನ್‌ಎ ಬೇಕಾಗುತ್ತದೆ.

ಜೀರ್ಣವಾಗುವಾಗ ಡಿಎನ್‌ಎ ಚೂರುಚೂರಾಗುತ್ತದೆ, ಪೂರ್ತಿ ನಾಶವಾಗುವುದಿಲ್ಲ. ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಡಿಎನ್‌ಎ ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿ ಇರುವುದರಿಂದ ಅದರ ಸುಮಾರು ನೂರು ಅಕ್ಷರದ ತುಣುಕು ಸಿಕ್ಕರೂ ಸಾಕು. ಪಿಸಿಆರ್ ಎಂಬ, ಡಿಎನ್‌ಎ ನಕಲು ಮಾಡುವ ವಿಧಾನದಲ್ಲಿ ಅದನ್ನು ಲಕ್ಷಾಂತರ ಪ್ರತಿ ಮಾಡಿ, ಅಕ್ಷರ ಓದಿ, ಗೊತ್ತಿರುವ ಪ್ರಾಣಿಗಳ ಪಟ್ಟಿಗೆ ತಾಳೆ ಹಾಕುತ್ತಾರೆ. ತಲೆನೋವು ಏನಂದರೆ, ಸ್ಕ್ಯಾಟಿನಲ್ಲಿ ಜಾಸ್ತಿ ಇರುವುದು ತಿಂದವನದೇ ಡಿಎನ್‌ಎ. ಕರುಳಿನ ಗೋಡೆಯಿಂದ ಉದುರಿದ ಜೀವಕೋಶ ಹೊರಮೈಗೆ ಅಂಟಿಕೊಂಡು ಬರುತ್ತದೆ. ಹಾಗಾಗಿ ಪ್ರಾಣಿ ಯಾವುದು ಅಂತ ತಿಳಿಯಲು ಹೊರಮೈ ಸವರಿಕೊಳ್ಳುತ್ತೇವೆ, ಊಟ ಏನು ಅಂತ ತಿಳಿಯಲು ಒಳಗಿನದನ್ನು ಕಲಸಿ ತೆಗೆಯುತ್ತೇವೆ. ಜೊತೆಗೆ ತಿಂದವನ ಡಿಎನ್‌ಎ ಪ್ರತಿಯಾಗದಂತೆ ತಡೆಯುವ ಒಂದು ಚಿಕ್ಕ ಡಿಎನ್‌ಎ ತುಣುಕನ್ನೂ ಸೇರಿಸುತ್ತಾರೆ. ಮಂಗೋಲಿಯಾದ ದಕ್ಷಿಣ ಗೋಬಿಯಲ್ಲಿ ಹೀಗೇ ಮಾಡಿದರು. 2012ರಲ್ಲಿ ಬಂದ ಆ ಅಧ್ಯಯನದಲ್ಲಿ ಹಿಮಚಿರತೆಯದೇ ಅಂತ ಖಚಿತವಾದ 81 ಸ್ಕ್ಯಾಟ್‌ಗಳ ಪೈಕಿ ಶೇ. 70.4ರಲ್ಲಿ ಐಬೆಕ್ಸ್ ಎಂಬ ಕಾಡುಮೇಕೆ, ಶೇ. 17.3ರಲ್ಲಿ ಸಾಕಿದ ಮೇಕೆ ಇತ್ತು.

'ಅದರದೇ ಅಂತ ಖಚಿತವಾದ' ಅಂದೆನಲ್ಲ, ನನ್ನ ಲೆಕ್ಕದಲ್ಲಿ ಡಿಎನ್‌ಎಯ ದೊಡ್ಡ ಉಪಕಾರ ಅದೇ. ಊಟ ಏನು ಅನ್ನುವುದಕ್ಕಿಂತ ಮೊದಲು, ಇದು ಯಾರದು? ಸೀಳುನಾಯಿ ಸುಲಭ. ಇಡೀ ಗುಂಪು ಮಲ ಹಾಕಲು ದಾರಿ ಕೂಡುವ ಕಡೆ ಒಂದೇ ಜಾಗಕ್ಕೆ ಬರುತ್ತದೆ. ಆದರೆ ಒಂಟಿಯಾಗಿ ಬಿದ್ದದ್ದು ಚಿರತೆಯದೋ ಎಳೆಯ ಹುಲಿಯದೋ? ಕಾಡಂಚಿನಲ್ಲಿ ನಾನು ಒಂದನ್ನು ಎತ್ತಿ, 'ಚಿರತೆ' ಅಂತ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಜೋಪಾನ ಮಾಡಿದ್ದೆ. ಅಕ್ಕಪಕ್ಕ ನೆಲ ಕೆರೆದ ಗುರುತೂ ಇತ್ತು ಮಾರಾಯ್ರೆ! ಲ್ಯಾಬಿನಲ್ಲಿ ಅದು ಊರನಾಯಿ ಅಂತ ಬಂತು. ಅಂಥ ಹತ್ತು ಸೇರಿಕೊಂಡರೆ ಚಿರತೆಯ ಊಟದ ಪಟ್ಟಿ ಏನಾಗಬೇಕು ಹೇಳಿ.

ಡಿಎನ್‌ಎ ಹೇಳದ್ದೂ ಬೇಕಾದಷ್ಟಿದೆ. ತಿಂದದ್ದು ಕರುವೋ ಬೆಳೆದ ಹಸುವೋ ಗೊತ್ತಾಗುವುದಿಲ್ಲ. ತಾನೇ ಕೊಂದಿತೋ, ಸತ್ತು ಬಿದ್ದಿದ್ದನ್ನು ತಿಂದಿತೋ ಅದೂ ಇಲ್ಲ. ಎಷ್ಟು ಕಿಲೋ ತಿಂದಿತು ಅಂತಲೂ ನೇರವಾಗಿ ಹೇಳಲಾಗದು. ಕಾಟಿ ಮತ್ತು ದನ ಹತ್ತಿರದ ನೆಂಟರು, ಚಿಕ್ಕ ತುಣುಕಿನಲ್ಲಿ ವ್ಯತ್ಯಾಸ ಕೆಲವೇ ಅಕ್ಷರ. ಅದಕ್ಕಿಂತ ತಮಾಷೆ, ಪಿಸಿಆರ್‌ಗೆ ಬಳಸುವ ದ್ರಾವಣಗಳಲ್ಲೇ ದನ, ಹಂದಿ, ಕೋಳಿಯ ಡಿಎನ್‌ಎ ಚೂರು ಇರುವುದುಂಟು. ಅದಕ್ಕೇ ಪ್ರತಿ ಸಲ ಸ್ಕ್ಯಾಟಿನ ಮಾದರಿ ಹಾಕದೆ ಬರೀ ದ್ರಾವಣ ಇರುವ 'ಖಾಲಿ' ಟ್ಯೂಬ್ ಒಂದನ್ನೂ ಜೊತೆಗೆ ಓಡಿಸುತ್ತಾರೆ. ಖಾಲಿ ಟ್ಯೂಬಿನಲ್ಲಿ ಕೋಳಿ ಕಂಡರೆ ಆ ದಿನದ ಕೆಲಸ ಹೋಯಿತು ಅಂತಲೇ. ಹೀಗಾಗಿ ಕೂದಲು, ಡಿಎನ್‌ಎ ಎರಡನ್ನೂ ನೋಡುವುದೇ ಸರಿ ಅನ್ನುವವನು ನಾನು.

ಇನ್ನು ನಿಮ್ಮ ತೋಟದ್ದು. ಸುಮ್ನೆ ಕುತೂಹಲಕ್ಕೆ ಕೈಯಲ್ಲಿ ಮುಟ್ಟಬೇಡಿ, ಕಡ್ಡಿಯಿಂದ ಕೆದಕಿ ಮೂಸಲೂ ಬೇಡಿ. ನಾಯಿ ಜಾತಿಯ ಪ್ರಾಣಿಯದಾದರೆ ಲಾಡಿಹುಳದ ಮೊಟ್ಟೆ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಕವರಿಗೆ ಹಾಕಿ ಯಾವುದೋ ಲ್ಯಾಬಿಗೆ ಕಳಿಸುವುದೂ ಬೇಡ, ಇಂಥ ಮಾದರಿಗೆ ಅರಣ್ಯ ಇಲಾಖೆಯ ಅನುಮತಿ ಕೇಳುತ್ತಾರೆ. ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆಯಿರಿ, ಸುತ್ತ ಹೆಜ್ಜೆಗುರುತಿದ್ದರೆ ಅದರದ್ದೂ ತೆಗೆಯಿರಿ. ಮೊದಲು ಫಾರೆಸ್ಟರ್‌ಗೆ ತೋರಿಸಿ. ಆಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ನಾಯಿಯದನ್ನು ಚಿರತೆ ಅಂದವನ ಮಾತು ಅಂತ ನೆನಪಿಟ್ಟುಕೊಂಡು ಓದಿ, ಅಷ್ಟೇ.