ವೇವರ್ ಸಿಗಲಿಲ್ಲ, ಫೋಟೋ ಮಾತ್ರ ಗೋಡೆ ಮೇಲಿದೆ

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ನಾನು ಆಪ್ತಸಲಹೆಗಾರ್ತಿ. ಒಬ್ಬ ಹುಡುಗ ನನ್ನ ಹತ್ತಿರ ಬಂದು ಹೋದ ಮೇಲೆ ಇಂಥದೇ ಇನ್ನೆರಡು ಮನೆಗಳಿಂದ ಫೋನ್ ಬಂತು. ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳು. ಅಲ್ಲಿನ ಸೇನೆಗೆ ಸೇರಿ, ಅರ್ಧಕ್ಕೆ ಹೊರಬಂದು, ಮತ್ತೆ ಸೇರಲು ಹೋಗಿ ‘ವೇವರ್ (ವಿನಾಯಿತಿ) ಇಲ್ಲ’ ಅನ್ನಿಸಿಕೊಂಡವರು. ಎಲ್ಲರದ್ದೂ ಒಂದೇ ಪ್ರಶ್ನೆ, ಇನ್ನೇನು ದಾರಿ? ಹಾಗಾಗಿ ಮೊದಲನೆಯವನ ವಿಷಯ ಹೇಳುತ್ತೇನೆ. ಹೆಸರು, ಊರು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಪ್ರಮೋದ ಅನ್ನೋಣ. 22 ವರ್ಷ. ಅಪ್ಪ ಅಮ್ಮ ಹಾಸನದ ಕಡೆಯವರು. ತಾತ ನಮ್ಮ ಸೇನೆಯ ಎಂಜಿನಿಯರ್ ಪಡೆ, ಬೆಂಗಳೂರಿನ ಎಂಇಜಿಯಲ್ಲಿ ಹವಾಲ್ದಾರರಾಗಿದ್ದವರು. ಹುಡುಗ 19ಕ್ಕೇ ಅಮೆರಿಕದ ಆರ್ಮಿ ಸೇರಿದ. ಅಲ್ಲಿ ಮೊದಲ ತರಬೇತಿ 10 ವಾರ. ಐದನೇ ವಾರ ಓಡುವಾಗ ಉಬ್ಬಸ ಬಂತು. ಡಾಕ್ಟರು ಕೆದಕಿ ಕೇಳಿದಾಗ 14ನೇ ವಯಸ್ಸಿನಲ್ಲಿ ಇನ್‌ಹೇಲರ್ ಬಳಸುತ್ತಿದ್ದದ್ದು ಹೊರಬಿತ್ತು. 13 ತುಂಬಿದ ಮೇಲೆ ಅಸ್ತಮಾ ಇದ್ದವರನ್ನು ಸುಮ್ನೆ ಸೇರಿಸಿಕೊಳ್ಳುವುದಿಲ್ಲ. ಮೊದಲೇ ಹೇಳಿ ವೇವರ್ ಪಡೆಯಬೇಕು. ವೇವರ್ ಅಂದರೆ, ನಿಯಮ ನಿನ್ನನ್ನು ಬೇಡ ಅನ್ನುತ್ತೆ, ಆದರೂ ನಿನ್ನ ಮಟ್ಟಿಗೆ ಸಡಿಲಿಸಿದ್ದೇವೆ ಅನ್ನುವ ಅನುಮತಿ. ಇವನು ಫಾರ್ಮಿನಲ್ಲಿ ‘ಅಸ್ತಮಾ ಇಲ್ಲ’ ಅಂತ ಟಿಕ್ ಹಾಕಿದ್ದ. ಮನೆಗೆ ಕಳಿಸಿದರು.

ಎರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿದ. ಈ ಸಲ ಎಲ್ಲ ನಿಜ ಹೇಳಿದ್ದ. ವೇವರ್ ತಿರಸ್ಕಾರ ಆಯ್ತು. ಕಾರಣ ಒಂದೇ ಸಾಲು. ಆಮೇಲೆ ಕೆಲಸಕ್ಕೆ ಹೋಗೋದು ಬಿಟ್ಟ. ಬೆಳಗ್ಗೆ ಐದಕ್ಕೆ ಎದ್ದು ಓಡುವುದು ಮಾತ್ರ ಬಿಡಲಿಲ್ಲ. ಅವನಮ್ಮ ನನಗೆ ಫೋನ್ ಮಾಡಿದ್ದು ಆಗ.

ಮೊದಲ ದಿನ ಕುರ್ಚಿ ಮೇಲೆ ಕೂರುವ ಮುಂಚೆಯೇ ಕೇಳಿದ, “ಆಂಟಿ, ನಾನಿಲ್ಲಿ ಬಂದಿದ್ದು ಆರ್ಮಿಗೆ ಗೊತ್ತಾಗುತ್ತಾ? ನೋಟ್ಸ್ ಬರೀಬೇಡಿ, ಪ್ಲೀಸ್.” ಈ ಮಾತು ನನಗೆ ಆಗಾಗ ಎದುರಾಗುತ್ತೆ, ಪ್ರತಿ ಸಲವೂ ಕಷ್ಟ ಆಗುತ್ತೆ. 2022ರಿಂದ ಸೇನೆಗೆ ಸೇರುವವರ ಹಳೆಯ ವೈದ್ಯಕೀಯ ದಾಖಲೆಗಳನ್ನು ಕಂಪ್ಯೂಟರಿನಲ್ಲೇ ಎಳೆದು ನೋಡುತ್ತಾರೆ. ಆಪ್ತಸಲಹೆ ಪಡೆದಿದ್ದೀಯಾ ಅಂತ ಫಾರ್ಮಿನಲ್ಲೂ ಕೇಳುತ್ತಾರೆ. ನೋಟ್ಸ್ ಬರೆಯುತ್ತೇನೆ, ಕೇಳಿದರೆ ನೀನು ಹೌದು ಅನ್ನಬೇಕು ಅಂತ ನೇರವಾಗಿ ಹೇಳಿದೆ. ಎದ್ದು ಹೋಗುತ್ತಾನೇನೋ ಅಂದುಕೊಂಡೆ. ಹೋಗಲಿಲ್ಲ. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿಯೇ ಕೇಳಿದೆ. ಇಲ್ಲ ಅಂದ. ಆದರೂ ಆತ್ಮಹತ್ಯೆ ತಡೆಯುವ ಸಹಾಯವಾಣಿ 988 ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಸೇನೆಯಲ್ಲಿದ್ದವರು ಅದಕ್ಕೆ ಕರೆ ಮಾಡಿ 1 ಒತ್ತಬೇಕು. ಫೋನಿನಲ್ಲಿ ಆಗಲೇ ಹೊರದೇಶದವರನ್ನು ಸೇರಿಸಿಕೊಳ್ಳುವ ಫ್ರಾನ್ಸಿನ ಸೇನಾ ಪಡೆ ಫಾರಿನ್ ಲೀಜನ್ ಬಗ್ಗೆ ಏಳೆಂಟು ಪುಟ ತೆರೆದಿದ್ದವು!

ಮೊದಲ ಎರಡು ಭೇಟಿ ಬರೀ ಕಾಗದದ ಕೆಲಸ. ಇದು ಆಪ್ತಸಲಹೆಗಾರರ ಕೆಲಸವಾ ಅಂತ ಕೆಲವರು ಮೂಗು ಮುರಿಯುತ್ತಾರೆ. ನನ್ನ ಅನುಭವ ಬೇರೆ. ಕೈಯಲ್ಲಿರುವ ಕಾಗದ ಏನು ಹೇಳುತ್ತೆ ಅಂತ ಗೊತ್ತಿಲ್ಲದ ಮನುಷ್ಯನ ಹತ್ತಿರ ಮನಸ್ಸಿನ ಮಾತಾಡಿ ಪ್ರಯೋಜನ ಇಲ್ಲ. ಸೇನೆ ಬಿಡುವಾಗ ಕೊಡುವ ಡಿಡಿ-214 ಅನ್ನುವ ಪತ್ರದ ಉದ್ದ ಪ್ರತಿ ತರಲು ಹೇಳಿದೆ. ಗಿಡ್ಡ ಪ್ರತಿಯಲ್ಲಿ ಬಿಟ್ಟ ಕಾರಣ, ಮತ್ತೆ ಸೇರುವ ಕೋಡ್ ಇರುವುದಿಲ್ಲ. ಇವನದು ಆರ್‌ಇ-3. ಅಂದರೆ ವೇವರ್ ಸಿಕ್ಕರೆ ಸೇರಬಹುದು. ಆರ್‌ಇ-4 ಆಗಿದ್ದರೆ ಬಾಗಿಲು ಮುಚ್ಚಿದಂತೆ. ಇವನು ತನ್ನದು 4 ಅಂತಲೇ ತಿಳಿದು ಎರಡು ತಿಂಗಳು ಅತ್ತಿದ್ದ.

ವಕೀಲರೊಬ್ಬರು ಆ ಕೋಡ್ ಬದಲಿಸಿಕೊಡುತ್ತೇನೆ ಅಂದಿದ್ದರಂತೆ. ಬಿಡುಗಡೆಯ ಪತ್ರ ಮರುಪರಿಶೀಲಿಸಲು ಒಂದು ಮಂಡಳಿ ಇದೆ, 15 ವರ್ಷದೊಳಗೆ ಕೇಳಬೇಕು. ದಾಖಲೆ ತಿದ್ದಲು ಇನ್ನೊಂದು ಇದೆ, ತಪ್ಪು ಗೊತ್ತಾದ 3 ವರ್ಷದೊಳಗೆ. ಎರಡೂ ಇರುವುದು ತಪ್ಪು ಅಥವಾ ಅನ್ಯಾಯ ಆದವರಿಗೆ. “ನಿನ್ನ ಕಾಗದದಲ್ಲಿ ತಪ್ಪೆಲ್ಲಿದೆ ತೋರಿಸು” ಅಂದೆ. ಸುಮ್ಮನಾದ. ಅಪ್ಪನ ದುಡ್ಡು ಉಳಿಯಿತು.

ಇನ್ನುಳಿದದ್ದು ಬೇರೆ ಪಡೆಗಳು. ವೇವರ್ ನಿರ್ಧಾರ ಆಯಾ ಪಡೆಯದ್ದೇ. ಆರ್ಮಿ ಬೇಡ ಅಂದಿದ್ದಕ್ಕೆ ನೇವಿಯೋ ಕೋಸ್ಟ್ ಗಾರ್ಡೋ ಬೇಡ ಅನ್ನಲೇಬೇಕೆಂದಿಲ್ಲ. ಆದರೆ ಅದೇ ಹಳೇ ಫೈಲು ಹಿಡಿದು ಹೋದರೆ ಅದೇ ಉತ್ತರ ಬರುವ ಸಂಭವ ಜಾಸ್ತಿ. ಹೊಸ ಉಸಿರಾಟದ ಪರೀಕ್ಷೆ, ಶ್ವಾಸಕೋಶದ ತಜ್ಞರ ಪತ್ರ, ಇಂಥದ್ದು ಬೇಕು. “ಜನ ಸಿಗ್ತಿಲ್ಲ ಅಂತ ಓದಿದ್ದೆ, ಯಾರನ್ನಾದ್ರೂ ತಗೋತಾರೆ ಅಂದ್ಕೊಂಡಿದ್ದೆ” ಅಂದ. 2022ರಲ್ಲಿ ಆರ್ಮಿಗೆ 60,000 ಜನ ಬೇಕಿತ್ತು, ಸುಮಾರು 15,000 ಕಡಿಮೆ ಬಿತ್ತು, ನಿಜ. 2025ರ ಗುರಿಯನ್ನು ಅದೇ ಆರ್ಮಿ ತಿಂಗಳುಗಳ ಮೊದಲೇ ಮುಟ್ಟಿತು. ಕೊರತೆ ಇದ್ದಾಗ ಕೈ ಬಿಗಿ ಸಡಿಲ ಆಗುತ್ತೆ, ಜನ ಸಿಕ್ಕಾಗ ಬಿಗಿಯಾಗುತ್ತೆ. ಇವನಿಗಾಗಿ ಯಾರೂ ಬಾಗಿಲು ಹಾಕಲಿಲ್ಲ.

ನಾಲ್ಕನೇ ಭೇಟಿ.

ಅವತ್ತು ಬರುವಾಗಲೇ ಮುಖ ಕಪ್ಪಿಟ್ಟಿತ್ತು. ಊರಿಂದ ಚಿಕ್ಕಪ್ಪ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು. ಅಜ್ಜಿ ಮನೆಯ ಹಾಲ್. ಗೋಡೆ ಮೇಲೆ ತಾತನ ಫೋಟೋ, ಅದಕ್ಕೆ ಗಂಧದ ಹಾರ. ಪಕ್ಕದಲ್ಲಿ ಅಷ್ಟೇ ದೊಡ್ಡ ಫ್ರೇಮಿನಲ್ಲಿ ಇವನು. ನೀಲಿ ಕೋಟು, ಟೋಪಿ, ಹಿಂದೆ ಅಮೆರಿಕದ ಬಾವುಟ. ಕೆಳಗೆ ಸೋಫಾದಲ್ಲಿ ಯಾರೋ ನೆಂಟರು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಿದ್ದಾರೆ.

“ಚೆನ್ನಾಗಿದೆ” ಅಂದೆ. ಹಾಗನ್ನಬಾರದಿತ್ತು.

“ಆ ಕೋಟು ನಂದಲ್ಲ ಆಂಟಿ.”

ನನಗೆ ಅರ್ಥ ಆಗಲಿಲ್ಲ.

“ಟ್ರೈನಿಂಗ್ ಶುರುವಲ್ಲೇ ಫೋಟೋ ತೆಗೀತಾರೆ. ಎಲ್ಲರಿಗೂ ಅದೇ ಕೋಟು. ಹಿಂದೆ ಬೆನ್ನು ಪೂರ್ತಿ ಓಪನ್. ಮುಂದಿಂದ ಕೈ ತೂರಿಸಿ ನಿಲ್ಲೋದು, ಕ್ಲಿಕ್, ಬಿಚ್ಚೋದು, ಮುಂದಿನವನಿಗೆ ಕೊಡೋದು. ಕೆಳಗಡೆ ಟ್ರೈನಿಂಗ್ ಪ್ಯಾಂಟೇ ಇತ್ತು. ಆ ಕೋಟು ನನ್ನ ಮೈ ಮೇಲೆ ಒಂದು ನಿಮಿಷಾನೂ ಇರಲಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಮನೆಗೆ ಬಂದ ವಾರ ಅಜ್ಜಿ ಫೋನ್ ಮಾಡಿದಾಗ ಅಮ್ಮ “ಡ್ಯೂಟಿಯಲ್ಲಿದ್ದಾನೆ ಅತ್ತೆ” ಅಂದುಬಿಟ್ಟರು. ಆ ಹೊತ್ತಿಗೆ ಬಾಯಿಗೆ ಬಂದ ಮಾತು. ಆಮೇಲೆ ಅದೇ ನಡೆದುಕೊಂಡು ಬಂತು. ಎರಡು ವರ್ಷ. ವಿಡಿಯೋ ಕಾಲ್ ಬಂದರೆ ಇವನು ರೂಮಿನಿಂದ ಹೊರಗೆ ಬರುತ್ತಿರಲಿಲ್ಲ.

“ವಾಪಸ್ ಸೇರ್ಕೊಂಡ್ರೆ ಅದು ಸುಳ್ಳಾಗಲ್ಲ ಅಲ್ವಾ? ಮಧ್ಯದಲ್ಲಿ ಸ್ವಲ್ಪ ಗ್ಯಾಪ್ ಆಯ್ತು ಅಷ್ಟೇ.”

ನಾನು ಅಲ್ಲಿವರೆಗೆ ಬರೆದುಕೊಂಡಿದ್ದ ನೋಟ್ಸಿನಲ್ಲಿ ಕೆಲಸ, ಕೋರ್ಸು, ಬೇರೆ ಪಡೆ ಅಂತೆಲ್ಲ ಇತ್ತು. ಅಜ್ಜಿ ಅನ್ನುವ ಪದವೇ ಇರಲಿಲ್ಲ. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇವನಿಗೆ ಬೇಕಿದ್ದ ವೇವರ್ ಸೇನೆ ಕೊಡುವಂಥದ್ದಾಗಿರಲಿಲ್ಲ.

ಅವತ್ತು ನಾನು ಕೊಟ್ಟ ಸಲಹೆ ಇದು. ಮುಂದಿನ ಅರ್ಜಿಗೆ ಸಹಿ ಹಾಕುವ ಮೊದಲು ಅಜ್ಜಿಗೆ ಹೇಳು. ಅಮ್ಮನ ಕೈಲಿ ಹೇಳಿಸಬೇಡ, ನೀನೇ ಹೇಳು. ಆಮೇಲೂ ಸೇರಬೇಕು ಅನ್ನಿಸಿದರೆ ಉಸಿರಾಟದ ಪರೀಕ್ಷೆ ಮಾಡಿಸು, ಬೇರೆ ಪಡೆಗೆ ಹಾಕು, ನಾನು ತಡೆಯೋಲ್ಲ.

ಇದಕ್ಕೆ ನನ್ನ ಮೇಲೆ ಸಿಟ್ಟಾದವರಿದ್ದಾರೆ. ಅವನಮ್ಮ, “ಅತ್ತೆಗೆ 84 ಆಯ್ತು ಮೇಡಂ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವು ಬರ್ತೀರಾ?” ಅಂದರು. ಜೊತೆ ಕೆಲಸ ಮಾಡುವ ಗೆಳತಿಯೊಬ್ಬರು, ಏನು ಮಾಡಬೇಕು ಅಂತ ಹೇಳುವುದು ನಮ್ಮ ಕೆಲಸ ಅಲ್ಲ, ದಾರಿ ತೋರಿಸಿ ಸುಮ್ಮನಿರಬೇಕು ಅಂದರು. ಅವರ ಮಾತು ಪುಸ್ತಕದ ಪ್ರಕಾರ ಸರಿ. ಆದರೆ ಈ ಹುಡುಗ ಒಂದು ಸಲ ‘ಇಲ್ಲ’ ಅಂತ ಟಿಕ್ ಹಾಕಿ ಎಲ್ಲ ಕಳೆದುಕೊಂಡವನು. ಗೊತ್ತಿದ್ದೂ ಮುಚ್ಚಿಟ್ಟು ಸೇರುವುದು ಸೇನೆಯ ಕಾನೂನಿನಲ್ಲಿ ಅಪರಾಧ. ಇವನನ್ನು ಬರೀ ಮನೆಗೆ ಕಳಿಸಿದ್ದು ಅದೃಷ್ಟ. ಅಜ್ಜಿ ಮುಂದೆ ಮುಖ ತೋರಿಸಲೇಬೇಕು ಅನ್ನುವ ಆತುರದಲ್ಲಿ ಮತ್ತೊಂದು ಫಾರ್ಮಿಗೆ ಕೂತರೆ ಮತ್ತೆ ಯಾವ ಚೌಕದಲ್ಲಿ ಟಿಕ್ ಬೀಳುತ್ತೋ ಅನ್ನುವ ಭಯ ನನಗಿತ್ತು. ಈಗಲೂ ನನ್ನ ಸಲಹೆ ಬದಲಿಸುವುದಿಲ್ಲ.

ಸಿವಿಲ್ ಏರ್ ಪಟ್ರೋಲ್, ಕೋಸ್ಟ್ ಗಾರ್ಡ್ ಆಕ್ಸಿಲಿಯರಿ ಅಂತ ಸ್ವಯಂಸೇವಕರ ಪಡೆಗಳಿವೆ. ಕೆಲವು ರಾಜ್ಯಗಳಿಗೆ ತಮ್ಮದೇ ಸ್ಟೇಟ್ ಗಾರ್ಡ್ ಇದೆ, ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಇದ್ದಂತೆ. ಒಳ್ಳೆಯ ಕೆಲಸವೇ ಮಾಡುತ್ತವೆ. ಬೇರೆಯವರಿಗೆ ನಾನೇ ಹೇಳುತ್ತೇನೆ. ಇವನಿಗೆ ಆಗ ಬೇಕೆಂದೇ ಒತ್ತಾಯ ಮಾಡಲಿಲ್ಲ. ಗೋಡೆಗೆ ಮೂರನೇ ಫ್ರೇಮ್ ಬರುತ್ತಿತ್ತು ಅಷ್ಟೇ.

ಮೂರು ವಾರ ಬಿಟ್ಟು ಅಜ್ಜಿಗೆ ಫೋನ್ ಮಾಡಿದನಂತೆ. ಉಬ್ಬಸ, ಟಿಕ್ ಹಾಕಿದ್ದು, ಎರಡು ವರ್ಷ ಮನೆಯಲ್ಲೇ ಇದ್ದದ್ದು, ಎಲ್ಲ ಹೇಳಿದ. ಕೋಟಿನ ವಿಷಯವನ್ನೂ ಹೇಳಿದ. ಅಜ್ಜಿ ಏನೂ ಮಾತಾಡದೆ ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ಹತ್ತು ದಿನ ಮಾತಿಲ್ಲ. ಅವನಮ್ಮನೂ ನನಗೆ ಫೋನ್ ಮಾಡಲಿಲ್ಲ. ಆ ಹತ್ತು ದಿನ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಹನ್ನೊಂದನೇ ದಿನ ಅಜ್ಜಿಯೇ ಫೋನ್ ಮಾಡಿದರು. ಗಂಡನ ಯೂನಿಫಾರ್ಮಿಗೆ ವರ್ಷಗಟ್ಟಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹೆಂಗಸು. ಬೈಗುಳ ಕಾದು ಕೂತಿದ್ದವನಿಗೆ ಅವರು ಕೇಳಿದ್ದು, “ಅಲ್ಲ ಕಣೋ, ಅಷ್ಟು ಜನ ಹಾಕಿ ಬಿಚ್ಚಿದ ಕೋಟು, ಒಂದು ಸುಕ್ಕಿಲ್ವಲ್ಲ. ಯಾರು ಇಸ್ತ್ರಿ ಮಾಡೋರು?”

ಈಗ ಅವನು ಆಂಬುಲೆನ್ಸ್ ಕೆಲಸದ ಇಎಂಟಿ ಕೋರ್ಸಿಗೆ ಸೇರಿದ್ದಾನೆ. ಕೋಸ್ಟ್ ಗಾರ್ಡ್ ಅರ್ಜಿ ಮೇಜಿನ ಮೇಲೆ ಇನ್ನೂ ಖಾಲಿ ಇದೆ. ಉಸಿರಾಟದ ಪರೀಕ್ಷೆಗೆ ಮುಂದಿನ ತಿಂಗಳು ದಿನ ಸಿಕ್ಕಿದೆ. ಗೋಡೆ ಮೇಲಿನ ಫೋಟೋ ಅಜ್ಜಿ ಇಳಿಸಿಲ್ಲ. ಇಳಿಸು ಅಂತ ಹೇಳಬೇಕಾ ಅಂತ ಹೋದ ವಾರ ಕೇಳಿದ. ನನಗೂ ಗೊತ್ತಾಗಲಿಲ್ಲ.